ವಾಪಸ್ ಬರುವ ಬಸ್ಸು ಮೊದಲು: ಅವಿನ್ಯೋನ್‌ನಿಂದ ಒಂದು ಶನಿವಾರ

ದಕ್ಷಿಣ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ನಾಲ್ಕೈದು ದಿನ ಬಿಡಾರ ಹೂಡಿದರೆ ಸುತ್ತಲಿನ ಊರುಗಳಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. 1309ರಿಂದ 1377ರವರೆಗೆ ಏಳು ಮಂದಿ ಪೋಪ್‌ಗಳು ಇದ್ದ ಊರು ಇದು. ಅವರ ಅರಮನೆ, ರೋನ್ ನದಿಯ ನಡುವೆ ತುಂಡಾಗಿ ನಿಂತ ಹಳೆಯ ಸೇತುವೆ, ಕೋಟೆಗೋಡೆ ಇವಕ್ಕೆಲ್ಲ ಒಂದು ಪೂರ್ತಿ ದಿನ ಬೇಕು. ಉಳಿದ ದಿನಗಳನ್ನು ಹೊರಗಿನ ಊರುಗಳಿಗೆ ಕೊಡಿ. ಯೋಜನೆ ಹಾಕುವಾಗ ಬಹಳ ಜನ ಊರುಗಳ ಪಟ್ಟಿ ಮಾಡಿ, ಆಮೇಲೆ ಅದನ್ನು ದಿನಗಳಿಗೆ ಹಂಚುತ್ತಾರೆ. ಇಲ್ಲಿ ಅದು ಕೆಡುತ್ತದೆ. ಯಾವ ವಾರ ಎಂದು ನೋಡಿ ಊರು ಆರಿಸಬೇಕು, ವಾಪಸ್ ಬರುವ ಬಸ್ಸು ನೋಡಿ ಹೊರಡುವ ಹೊತ್ತು ಗೊತ್ತುಮಾಡಬೇಕು.

ವಾರ ಏಕೆ ಮುಖ್ಯ ಎಂದರೆ ಸಂತೆ. ಈ ಸೀಮೆಯ ಊರುಗಳಿಗೆ ಜೀವ ಬರುವುದೇ ಸಂತೆಯ ದಿನ. ಮಂಗಳವಾರ ಗೋರ್ದ್, ಬುಧವಾರ ಸೇಂಟ್ ರೆಮಿ, ಶನಿವಾರ ಆರ್ಲ್ ಮತ್ತು ಯುಜೆಸ್, ಭಾನುವಾರ ಲೀಲ್ ಸುರ್ ಲಾ ಸೋರ್ಗ್. ಎಂಟಕ್ಕೆಲ್ಲ ಅಂಗಡಿ ಹರಡುತ್ತಾರೆ, ಮಧ್ಯಾಹ್ನ ಒಂದಕ್ಕೆ ಎತ್ತಿಬಿಡುತ್ತಾರೆ. ಹನ್ನೆರಡೂವರೆಗೆ ತಲುಪಿದರೆ ನೋಡಲು ಸಿಗುವುದು ಮಡಚಿದ ಛತ್ರಿ, ಖಾಲಿ ಪೆಟ್ಟಿಗೆ ಮಾತ್ರ. ಸೋಮವಾರ ಬಹಳಷ್ಟು ಅಂಗಡಿಗಳ ಬಾಗಿಲೇ ತೆರೆಯುವುದಿಲ್ಲ. ಆ ದಿನ ರೈಲಿನಲ್ಲಿ ನೀಮ್ ಪಟ್ಟಣಕ್ಕೋ ಒರಾಂಜ್‌ಗೋ ಹೋಗಿ ರೋಮನ್ ಕಟ್ಟಡಗಳನ್ನು ನೋಡುವುದು ಜಾಣತನ. ಎರಡೂ ಅರ್ಧ ಗಂಟೆಯೊಳಗಿನ ದಾರಿ. ಆರ್ಲ್‌ಗೆ ಇಪ್ಪತ್ತು ನಿಮಿಷ ಸಾಕು.

ಈ ಊರಿಗೆ ರೈಲು ನಿಲ್ದಾಣಗಳು ಎರಡು. ಕೋಟೆಗೋಡೆಗೆ ಎದುರಾಗಿರುವುದು ಅವಿನ್ಯೋನ್ ಸಾಂತ್ರ್. ಪ್ಯಾರಿಸ್ಸಿನ ವೇಗದ ರೈಲುಗಳು ಬಂದು ನಿಲ್ಲುವ ಟಿಜಿವಿ ನಿಲ್ದಾಣ ಊರ ಹೊರಗಿದೆ. ಇವೆರಡರ ನಡುವೆ ಐದು ನಿಮಿಷದ ಲೋಕಲ್ ರೈಲು ಓಡಾಡುತ್ತದೆ. ದಿನದ ತಿರುಗಾಟಕ್ಕೆ ಸಾಂತ್ರ್ ನಿಲ್ದಾಣವೇ ಬೇಕು, ಬಸ್ ನಿಲ್ದಾಣವೂ ಅದರ ಪಕ್ಕದಲ್ಲೇ. ಟಿಇಆರ್ ಎಂಬ ಪ್ರಾದೇಶಿಕ ರೈಲುಗಳಿಗೆ ಸೀಟು ಕಾಯ್ದಿರಿಸುವ ಗೊಡವೆಯಿಲ್ಲ.

ಬಸ್ಸಿನ ವಿಷಯದಲ್ಲಿ ರೋನ್ ನದಿಯೇ ಗಡಿ. ಪೂರ್ವದ ದಂಡೆಯ ಊರುಗಳಿಗೆ ಝೂ ಎಂಬ ಜಾಲದ ಬಸ್ಸು. ಪಶ್ಚಿಮಕ್ಕೆ ದಾಟಿದರೆ ಆಡಳಿತದ ಪ್ರಾಂತವೇ ಬೇರೆ, ಬಸ್ ಜಾಲವೂ ಬೇರೆ, ಅದರ ಹೆಸರು ಲಿಯೊ. ಯುಜೆಸ್ ಬಸ್ಸನ್ನು ಝೂ ವೇಳಾಪಟ್ಟಿಯಲ್ಲಿ ಹುಡುಕಿ, ಸಿಗದೆ, ಬಸ್ಸೇ ಇಲ್ಲವೆಂದು ಟ್ಯಾಕ್ಸಿಗೆ ದುಡ್ಡು ಸುರಿಯುವವರಿದ್ದಾರೆ. ಬಸ್ಸು ಇದೆ, ಹುಡುಕಬೇಕಾದ ಜಾಗ ಬೇರೆ.

ವೇಳಾಪಟ್ಟಿ ಓದುವುದನ್ನೂ ಕಲಿಯಬೇಕು. ವಾರದ ಹೆಸರಿನ ಮೊದಲಕ್ಷರಗಳನ್ನು ಸಾಲಾಗಿ ಹಾಕಿರುತ್ತಾರೆ: ಎಲ್, ಎಮ್, ಎಮ್ಇ, ಜೆ, ವಿ, ಎಸ್. ಎಮ್ ಎಂದರೆ ಮಂಗಳವಾರ, ಎಮ್ಇ ಎಂದರೆ ಬುಧವಾರ. ಸೋಮವಾರ ಎಂದರೆ ಎಲ್; ಇಂಗ್ಲಿಷಿನ ರೂಢಿಯಲ್ಲಿ ಎಮ್ ಅನ್ನು ಸೋಮವಾರ ಎಂದುಕೊಂಡರೆ ದಿನವೇ ತಪ್ಪುತ್ತದೆ. 'ಸ್ಕೋಲೇರ್' ಎಂಬ ಮಾತು ಕಂಡರೆ ಶಾಲೆ ನಡೆಯುವ ದಿನಗಳಲ್ಲಷ್ಟೇ ಆ ಬಸ್ಸು. 'ಫೆರಿಯೆ' ಎಂದರೆ ಸರ್ಕಾರಿ ರಜೆ. ಆ ದಿನ ಭಾನುವಾರದಂತೆ ಬಸ್ಸುಗಳು ಕಡಿಮೆ. ಕರ್ನಾಟಕದಿಂದ ಮಕ್ಕಳ ಬೇಸಿಗೆ ರಜೆಯಲ್ಲಿ ಹೊರಡುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಮೇ 1, ಮೇ 8, ಅಸೆನ್ಷನ್ ಗುರುವಾರ, ಕೆಲವು ವರ್ಷ ಪೆಂಟೆಕೋಸ್ಟ್ ಸೋಮವಾರ, ಇಷ್ಟೂ ರಜೆಗಳು ಸಾಮಾನ್ಯವಾಗಿ ಮೇ ತಿಂಗಳಲ್ಲೇ ಬರುತ್ತವೆ. ಲ್ಯಾವೆಂಡರ್ ಕೂಡ ಮೇ ತಿಂಗಳಲ್ಲಿ ಅರಳುವುದಿಲ್ಲ. ಗೋರ್ದ್ ಬಳಿಯ ಸೆನಾಂಕ್ ಮಠದ ಮುಂದಿನ ಹೊಲ ನೇರಳೆಯಾಗುವುದು ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ. ಅತ್ತ ಕಡೆ ಬಸ್ಸು ವಿರಳ, ಕಾರು ಬೇಕು. ಕನ್ನಡ ಇಂಗ್ಲಿಷ್ ಲೈಸೆನ್ಸ್ ಒಂದೇ ಸಾಲದು, ಊರಿನಲ್ಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡಿರಿ. ರೂಸಿಯೋಂ ಊರಿನ ಕಾವಿಮಣ್ಣಿನ ಗುಡ್ಡ ಹತ್ತುವವರು ಬಿಳಿ ಬಟ್ಟೆ, ಬಿಳಿ ಶೂ ಹಾಕಬೇಡಿ. ಮಳೆ ಬಂದರೆ ಆ ದಾರಿಯನ್ನೇ ಮುಚ್ಚುತ್ತಾರೆ.

ಇನ್ನು ಶನಿವಾರ. ಅಂದು ಯುಜೆಸ್ ಮತ್ತು ಪೋಂ ದ್ಯು ಗಾರ್ ಎಂಬ ರೋಮನ್ ಸೇತುವೆ ಎರಡೂ ಒಂದೇ ಬಸ್ಸಿನ ದಾರಿಯಲ್ಲಿ ಸಿಗುತ್ತವೆ. ಲಿಯೊ 115ನೇ ನಂಬರಿನ ಬಸ್ಸು. ಅವಿನ್ಯೋನ್‌ನಿಂದ ಹೊರಟರೆ ಸೇತುವೆ ಮೊದಲು ಬರುತ್ತದೆ, ಯುಜೆಸ್ ಆಮೇಲೆ. ಹಾಗೆಂದು ಸೇತುವೆಗೇ ಇಳಿದುಬಿಟ್ಟರೆ ಸಂತೆ ತಪ್ಪಿತು. ಬೆಳಗಿನ ಮೊದಲ ಬಸ್ಸಿನಲ್ಲಿ ನೇರವಾಗಿ ಯುಜೆಸ್‌ಗೆ ಹೋಗಿ. ಒಂದು ಗಂಟೆಯ ಆಸುಪಾಸಿನ ದಾರಿ. ಕಮಾನಿನ ಮೊಗಸಾಲೆಗಳು ಸುತ್ತುವರಿದ ಪ್ಲಾಸ್ ಓ ಝೆರ್ಬ್ ಚೌಕದಲ್ಲಿ ಮರಗಳ ನೆರಳಿನಲ್ಲಿ ಸಂತೆ ಕೂಡುತ್ತದೆ. ಬುತ್ತಿಯನ್ನು ಅಲ್ಲೇ ಕಟ್ಟಿಕೊಳ್ಳಬಹುದು: ಬ್ರೆಡ್ಡು, ಪೆಲಾರ್ದೋಂ ಎಂಬ ಅಂಗೈಯಗಲದ ಮೇಕೆಹಾಲಿನ ಚೀಸು, ಹಣ್ಣು. ಸಸ್ಯಾಹಾರಿಗಳಿಗೆ ಒಂದು ಮಾತು. ಆಲಿವ್ ಅರೆದು ಮಾಡುವ ತಾಪೆನಾದ್ ನೋಡಲು ನಮ್ಮ ಚಟ್ನಿಯಂತೆಯೇ ಇರುತ್ತದೆ, ಆದರೆ ಹಳೆಯ ಪದ್ಧತಿಯಲ್ಲಿ ಅದಕ್ಕೆ ಆಂಚೋವಿ ಎಂಬ ಮೀನು ಹಾಕುತ್ತಾರೆ. 'ಸಾಂಝ್ ಆಂಶ್ವಾ?' ಎಂದು ಕೇಳಿದರೆ ಮೀನಿಲ್ಲದ್ದನ್ನು ತೋರಿಸುತ್ತಾರೆ. ಹೋಟೆಲಿನಲ್ಲೇ ಊಟ ಎಂದಾದರೆ ಹನ್ನೆರಡರಿಂದ ಎರಡರೊಳಗೆ ಕೂತುಬಿಡಬೇಕು, ಆಮೇಲೆ ಅಡುಗೆಮನೆ ಮುಚ್ಚುತ್ತದೆ.

ಊಟಕ್ಕೆ ಮುಂಚೆ ಊರಿನಿಂದ ಕಣಿವೆಗೆ ಇಳಿದು ಬನ್ನಿ. ಕಾಲುಗಂಟೆ, ಇಪ್ಪತ್ತು ನಿಮಿಷದ ಇಳಿಜಾರು. ಅಲ್ಲಿರುವ ಯೂರ್ ಬುಗ್ಗೆಯ ನೀರನ್ನೇ ರೋಮನ್ನರು ಮೊದಲನೇ ಶತಮಾನದಲ್ಲಿ ನೀಮ್ ಪಟ್ಟಣಕ್ಕೆ ಒಯ್ದದ್ದು. ನೇರ ಅಳೆದರೆ ಇಪ್ಪತ್ತು ಕಿಲೋಮೀಟರ್ ದೂರ, ಆದರೆ ಗುಡ್ಡಗಳನ್ನು ಬಳಸಿ ಕಾಲುವೆ ಸುಮಾರು 50 ಕಿಲೋಮೀಟರ್ ಸುತ್ತುತ್ತದೆ. ಅಷ್ಟು ಉದ್ದಕ್ಕೂ ಒಟ್ಟು ಇಳಿತ ಸುಮಾರು 12.6 ಮೀಟರ್. ಸರಾಸರಿ ಕಿಲೋಮೀಟರಿಗೆ ಒಂದು ಗೇಣು. ಬುಗ್ಗೆಯನ್ನು ಕಂಡು ಬಂದವರಿಗೆ ಮಧ್ಯಾಹ್ನ ಸೇತುವೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ, ಅದು ಬರೀ ಸೇತುವೆಯಲ್ಲ, ಆ ನೀರು ಗಾರ್ದೋಂ ನದಿಯನ್ನು ದಾಟಲು ಕಟ್ಟಿದ ಮೇಲ್ಗಾಲುವೆ. ಈ ದಿನಕ್ಕೆ ಈ ಅನುಕ್ರಮವನ್ನು ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ.

ಮಧ್ಯಾಹ್ನದ ಬಸ್ಸಿನಲ್ಲಿ ವಾಪಸ್ ಹೊರಟು ಪೋಂ ದ್ಯು ಗಾರ್‌ಗೆ ಇಳಿಯಿರಿ. ಇಳಿಯುವಾಗಲೇ ಚಾಲಕರನ್ನು ಕೇಳಿ, ಅವಿನ್ಯೋನ್ ಕಡೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು. ದಿಕ್ಕಿಗೊಂದು ನಿಲ್ದಾಣ. ತಪ್ಪು ಬದಿಯಲ್ಲಿ ಕಾದು, ಎದುರಿನಿಂದ ಬಸ್ಸು ಹೊರಟುಹೋಗುವುದನ್ನು ನೋಡುತ್ತ ನಿಲ್ಲುವ ಪಾಡು ಬೇಡ. ನಿಲ್ದಾಣದಿಂದ ಸೇತುವೆಗೆ ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರು ಅಂತಸ್ತಿನ ಕಮಾನು, ಎತ್ತರ ಸುಮಾರು 49 ಮೀಟರ್. ಕೆಳಗಿನ ಎರಡು ಅಂತಸ್ತುಗಳಲ್ಲಿ ಗಾರೆಯೇ ಇಲ್ಲ, ಟನ್‌ಗಟ್ಟಲೆ ತೂಕದ ಕಲ್ಲುಗಳು ತಮ್ಮ ಭಾರಕ್ಕೇ ಕಚ್ಚಿಕೊಂಡು ನಿಂತಿವೆ. ಹತ್ತಿರ ಹೋಗಿ ಗೋಡೆಯನ್ನು ನೋಡಿ. ಅಲ್ಲಲ್ಲಿ ಕಲ್ಲುಗಳು ಮೊಳೆಯಂತೆ ಹೊರಚಾಚಿವೆ. ಸಾರುವೆ ಕಟ್ಟಲು ಬಿಟ್ಟವು, ದುರಸ್ತಿಗೆ ಬೇಕಾದೀತೆಂದು ಕಡಿದಿಲ್ಲ. ಕೆಲವು ಕಮಾನುಕಲ್ಲುಗಳ ಮೇಲೆ ಲ್ಯಾಟಿನ್ ಅಕ್ಷರ ಮತ್ತು ಅಂಕಿ ಕೊರೆದಿದೆ, ಅರ್ಥ 'ಮುಂಭಾಗ, ಎಡ, ಇಷ್ಟನೆಯದು'. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಕಲ್ಲುಕುಟಿಗರು ತಮಗೇ ಬರೆದುಕೊಂಡ ಚೀಟಿ. ಎರಡು ಸಾವಿರ ವರ್ಷವಾದರೂ ಬೆರಳಿಟ್ಟು ಓದಬಹುದು. ಕೆಳ ಅಂತಸ್ತಿಗೆ ಅಂಟಿಕೊಂಡ ನಡೆದಾಡುವ ಸೇತುವೆ 1740ರ ದಶಕದ್ದು. ಅದಿಲ್ಲದ ಮೂಲ ರೂಪ ನೋಡಬೇಕಾದರೆ ಹೊಳೆಯ ಮೇಲ್ಬದಿಗೆ ನಡೆಯಿರಿ. ಬೇಸಿಗೆಯಲ್ಲಿ ಜನ ಅಲ್ಲೇ ಈಜುತ್ತಾರೆ. ದಂಡೆಯೆಲ್ಲ ಉರುಟುಕಲ್ಲು, ನೀರಿಗೆ ಹಾಕುವ ಚಪ್ಪಲಿ ಬೇಕು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮಾತ್ರ ಹವಾಮಾನ ಎಚ್ಚರಿಕೆ ನೋಡದೆ ಹೊರಡಬೇಡಿ. ಸೆವೆನ್ ಎಂಬ ಹೆಸರಿನ ಬೆಟ್ಟಸಾಲಿನಲ್ಲಿ ಮಳೆ ಸುರಿದರೆ ಈ ನದಿ ಗಂಟೆಗಳಲ್ಲಿ ಉಕ್ಕುತ್ತದೆ. 2002ರ ಸೆಪ್ಟೆಂಬರಿನ ಪ್ರವಾಹ ಈ ಸೀಮೆಯನ್ನೇ ಮುಳುಗಿಸಿತ್ತು, ಸೇತುವೆ ಅಲುಗಲಿಲ್ಲ.

ಕೊನೆಯ ಬಸ್ಸನ್ನು ನೆಚ್ಚಿಕೊಳ್ಳದೆ ಅದಕ್ಕಿಂತ ಒಂದು ಮುಂಚಿನದನ್ನು ಗುರಿಯಾಗಿಟ್ಟುಕೊಳ್ಳಿ. ಆದರೂ ಅವಿನ್ಯೋನ್ ಬಸ್ಸು ತಪ್ಪಿತೆನ್ನಿ, ನೀಮ್ ಕಡೆಗೆ ಹೋಗುವ ಬಸ್ಸಿದೆಯೇ ನೋಡಿ, ಸಿಕ್ಕರೆ ಹತ್ತಿಬಿಡಿ. ನೀಮ್ ನಿಲ್ದಾಣದಿಂದ ಅವಿನ್ಯೋನ್ ಸಾಂತ್ರ್‌ಗೆ ಅರ್ಧ ಗಂಟೆಯ ರೈಲು, ಸಂಜೆಯೂ ಓಡುತ್ತದೆ. ಎರಡೂ ಬಸ್ಸುಗಳ ಕೊನೆಯ ಹೊತ್ತನ್ನು ಬೆಳಿಗ್ಗೆಯೇ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.