ಒಬ್ಬರೇ ಹೋದ್ರಾ, ಭಯ ಆಗಲಿಲ್ವಾ?

ಈ ಪ್ರಶ್ನೆ ಒಂಟಿಯಾಗಿ ಬರೋದೇ ಇಲ್ಲ. "ಒಬ್ಬರೇ ಹೋದ್ರಾ? ಭಯ ಆಗಲಿಲ್ವಾ? ಮನೆಯವರು ಹೇಗೆ ಬಿಟ್ರು?" ಅಂತ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಅಮೆರಿಕದ ಹಳ್ಳಿಗಾಡಿನಲ್ಲಿ ಸೈಕಲ್ ತುಳಿದು ಬಂದ ಮೇಲೆ ಮದುವೆ, ನಾಮಕರಣ, ಇಲ್ಲಿನ ಕನ್ನಡ ಕೂಟದ ಯುಗಾದಿ ಊಟ, ಎಲ್ಲಿ ಹೋದರೂ ಇದೇ. ಹೋಳಿಗೆ ತಣ್ಣಗಾಗುವವರೆಗೆ ಉತ್ತರ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಮೊದಲು ಮೂರನೆಯದು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ, ಆದ್ದರಿಂದ ಯಾರೂ ಬಿಡಬೇಕಾಗಲಿಲ್ಲ. ನನ್ನ ಗಂಡ ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋಗಿ ಬಂದಾಗ "ನೀವು ಹೇಗೆ ಬಿಟ್ರಿ?" ಅಂತ ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳಬೇಕಿತ್ತು.

ಇನ್ನು ಭಯ. ಆಯಿತು, ಯಾಕಾಗಲ್ಲ? ಆದರೆ ನೀವು ಅಂದುಕೊಂಡಿದ್ದಕ್ಕಲ್ಲ. ನಿಮ್ಮ ತಲೆಯಲ್ಲಿರೋದು ಬಂದೂಕು. ಸುಳ್ಳು ಹೇಳಲ್ಲ, ನಾನು ಹಾದುಬಂದ ಕ್ಯಾನ್ಸಸ್ ರಾಜ್ಯದಲ್ಲಿ 2015ರಿಂದ ಪರವಾನಗಿ ಇಲ್ಲದೆಯೂ ಬಂದೂಕನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಬಹುದು. ನನ್ನನ್ನು ನಡುಗಿಸಿದ್ದು ಗಾಳಿ.

ನಾನು ಹೋದ ದಾರಿಯ ಹೆಸರು ಟ್ರಾನ್ಸ್ಅಮೆರಿಕ ಟ್ರೇಲ್. ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದ 1976ರಲ್ಲಿ ಸೈಕಲ್ ಸವಾರರಿಗೆಂದೇ ಗುರುತಿಸಿದ ದಾರಿ ಇದು. ಒರೆಗಾನ್‌ನ ಆಸ್ಟೋರಿಯಾದಿಂದ ವರ್ಜೀನಿಯಾದ ಯಾರ್ಕ್‌ಟೌನ್‌ವರೆಗೆ ಸುಮಾರು 6,800 ಕಿಲೋಮೀಟರ್. ಹೊಸ ರಸ್ತೆಯೇನೂ ಹಾಕಲಿಲ್ಲ, ಇದ್ದ ಹಳ್ಳಿ ರಸ್ತೆಗಳನ್ನೇ ಜೋಡಿಸಿದರು. ಅದರ ಪಶ್ಚಿಮ ಕ್ಯಾನ್ಸಸ್ ಭಾಗ ಅಂದರೆ ಹೈವೇ 96, ಕಣ್ಣಿಗೆ ಒಂದು ತಿರುವೂ ಬೀಳದ ರಸ್ತೆ.

ಜೂನ್ ತಿಂಗಳು. ಟ್ರಿಬ್ಯೂನ್ ಅನ್ನೋ ಊರಿನಿಂದ ಹೊರಟಿದ್ದೆ. ಹೊರೇಸ್ ಗ್ರೀಲಿ ಅನ್ನುವ ಪತ್ರಕರ್ತನ ಪತ್ರಿಕೆಯ ಹೆಸರನ್ನು ಊರಿಗೂ, ಅವನ ಹೆಸರನ್ನು ಕೌಂಟಿಗೂ, ಅಂದರೆ ಅಲ್ಲಿನ ಜಿಲ್ಲೆಗೂ, ಇಟ್ಟಿದ್ದಾರೆ. 2020ರ ಜನಗಣತಿಯಲ್ಲಿ ಇಡೀ ಗ್ರೀಲಿ ಕೌಂಟಿಯ ಜನ 1,284. ಬೆಳಿಗ್ಗೆಯೇ ಟೈರ್ ಪಂಕ್ಚರ್. ಚುಚ್ಚಿದ್ದನ್ನು ಕಿತ್ತು ನೋಡಿದರೆ ನಮ್ಮ ಹೊಲದ ನೆಗ್ಗಿಲು ಮುಳ್ಳು! ಕೋಲಾರದಲ್ಲಿ ಚಿಕ್ಕವಳಿದ್ದಾಗ ಬರಿಗಾಲಿಗೆ ಚುಚ್ಚಿಸಿಕೊಂಡ ಅದೇ ಗಿಡ ಅಲ್ಲೂ ರಸ್ತೆ ಬದಿ ಹಬ್ಬಿದೆ. ಅದಕ್ಕೆ ವೀಸಾ ಯಾರು ಕೊಟ್ಟರೋ.

ಬೇಸಿಗೆಯಲ್ಲಿ ಅಲ್ಲಿ ಗಾಳಿ ದಕ್ಷಿಣದಿಂದ ಬೀಸುತ್ತದೆ. ನಾನು ಹೋಗುತ್ತಿದ್ದದ್ದು ಪೂರ್ವಕ್ಕೆ. ಅಂದರೆ ದಿನವಿಡೀ ಬಲಗಡೆಯಿಂದ ನೂಕುತ್ತದೆ, ನೂಕಿದರೆ ಹೋಗಿ ಬೀಳೋದು ನಡುರಸ್ತೆಗೆ. ಅದಕ್ಕೇ ಮೈಯನ್ನು ಬಲಕ್ಕೆ ವಾಲಿಸಿಕೊಂಡು ತುಳಿಯಬೇಕು. ಆಗ ಹಿಂದಿನಿಂದ ದನದ ಲಾರಿ ಬರುತ್ತದೆ. ಅದು ದಾಟುವಾಗ ಮೊದಲು ಆಚೆ ತಳ್ಳುತ್ತದೆ, ಮರುಕ್ಷಣ ತನ್ನ ಬಾಲದ ಕಡೆಗೆ ಎಳೆಯುತ್ತದೆ. ಜೊತೆಗೆ ಸಗಣಿ ವಾಸನೆ, ಅದು ಲಾರಿ ಕಣ್ಮರೆಯಾದ ಮೇಲೂ ಹೋಗಲ್ಲ. ಗೋಧಿ ಕೊಯ್ಲಿನ ಕಾಲವಾದ್ದರಿಂದ ಮುಕ್ಕಾಲು ರಸ್ತೆ ತುಂಬಿಕೊಂಡು ಬರುವ ಕೊಯ್ಲಿನ ಯಂತ್ರಗಳು ಬೇರೆ. ಅವು ಬಂದರೆ ಸುಮ್ನೆ ಇಳಿದು ಹುಲ್ಲಲ್ಲಿ ನಿಲ್ಲುತ್ತಿದ್ದೆ.

ಹಾಗೆ ನಿಂತಿದ್ದಾಗಲೇ ಒಂದು ಪಿಕಪ್ ಬಂದು ನಿಂತಿತು. ಎಪ್ಪತ್ತು ದಾಟಿದ ಅಜ್ಜ. ಹಿಂದಿನ ಗಾಜಿಗೆ ಅಡ್ಡಲಾಗಿ ಒಂದು ರೈಫಲ್. ಹಾಂ, ಈಗ ನಿಮಗೆ ಬೇಕಾದ ಕಥೆ ಬಂತು ಅಂತ ಕುರ್ಚಿ ಮುಂದಕ್ಕೆ ಎಳೆದುಕೊಂಡಿರಲ್ವಾ? ಅವರು ಗಾಜು ಇಳಿಸಿ ಕೇಳಿದ್ದು: "ಒಬ್ಬಳೇನಾ? ಭಯ ಆಗಲ್ವಾ? ಗಂಡ ಎಲ್ಲಿ?"

ಮಲ್ಲೇಶ್ವರಂನಿಂದ ಇಷ್ಟು ದೂರ ಬಂದು ಏನು ಪ್ರಯೋಜನ!

"ಇಲ್ಲಿ ಏನೂ ತೊಂದರೆ ಇಲ್ಲ, ನಮ್ಮವರು ಒಳ್ಳೆಯವರು. ಮುಂದೆ ಮಿಸೌರಿ ಬರುತ್ತೆ, ಅಲ್ಲಿ ಮಾತ್ರ ಹುಷಾರು" ಅಂದರು. ಕೊಲೊರಾಡೊದಲ್ಲಿ ಕ್ಯಾನ್ಸಸ್ ಬಗ್ಗೆ ಇದನ್ನೇ ಹೇಳಿ ಕಳಿಸಿದ್ದರು. ಮಿಸೌರಿಯಲ್ಲಿ ಕೆಂಟಕಿಯ ಬಗ್ಗೆ ಹೇಳಿದರು. ಕೆಂಟಕಿಯಲ್ಲಿ ನಿಜವಾಗಿಯೂ ಅಟ್ಟಿಸಿಕೊಂಡು ಬಂದದ್ದು ನಾಯಿಗಳು ಮಾತ್ರ.

ಅಜ್ಜ ಬಾಟಲಿಗೆ ನೀರು ತುಂಬಿಸಿಕೊಟ್ಟರು. ಬಾವಿ ನೀರಾ ಅಂತ ಕೇಳಿದೆ. ಅಷ್ಟೇ, ಅರ್ಧ ಗಂಟೆ ಹೋಯಿತು.

ನೋಡಿ, ನನ್ನನ್ನು ಯಾರಾದರೂ "ಅಲ್ಲಿ ನೀರು ಎಲ್ಲಿಂದ ಬರುತ್ತೆ?" ಅಂತ ಕೇಳಬಾರದಾ? ನಾನು ಅಲ್ಲಿ ಇಡೀ ದಿನ ಯೋಚಿಸಿದ್ದು ಅದನ್ನೇ. ನಾಲ್ಕು ಲೀಟರ್ ಹೊತ್ತುಕೊಂಡು, ಹತ್ತಾರು ಮೈಲಿ ದೂರದಿಂದಲೇ ಕಾಣುವ ಕಾಂಕ್ರೀಟ್ ಕಣಜಗಳನ್ನು ಗುರಿ ಇಟ್ಟುಕೊಂಡು ತುಳಿಯುವವಳಿಗೆ ಬೇರೆ ಏನು ಯೋಚನೆ ಬರುತ್ತದೆ? ಕಣಜ ಕಂಡರೆ ಊರು, ಊರು ಕಂಡರೆ ನಲ್ಲಿ. ಆದರೆ ಕಂಡ ಮೇಲೂ ಗಂಟೆಗಟ್ಟಲೆ ಹತ್ತಿರ ಬರಲ್ಲ.

ಅಲ್ಲಿನ ಮಳೆ ಕೋಲಾರದ ಮಳೆಗಿಂತಲೂ ಕಡಿಮೆ. ವೈಟ್ ವುಮನ್ ಕ್ರೀಕ್ ಅಂತ ಒಂದು ಹಳ್ಳವಿದೆ, ಅದು ಯಾವ ನದಿಗೂ ಸೇರದೆ ಸ್ಕಾಟ್ ಸಿಟಿಯ ದಕ್ಷಿಣಕ್ಕೆ ನೆಲದಲ್ಲೇ ಇಂಗಿಹೋಗುತ್ತದೆ. ಆದರೂ ಹೊಲ ಹಸಿರು. ಕಾರಣ, ಸೌತ್ ಡಕೋಟದಿಂದ ಟೆಕ್ಸಾಸ್‌ವರೆಗೆ ಎಂಟು ರಾಜ್ಯಗಳ ಅಡಿಯಲ್ಲಿ ಹರಡಿರುವ ಒಗಲಾಲಾ ಅಂತರ್ಜಲ. ಸಾವಿರಾರು ವರ್ಷ ಸೇರಿದ ನೀರು. ಪಕ್ಕದ ಕೊಲೊರಾಡೊದ ಫ್ರಾಂಕ್ ಜೈಬ್ಯಾಕ್ ಅನ್ನೋ ರೈತ 1952ರಲ್ಲಿ ಒಂದು ಯಂತ್ರಕ್ಕೆ ಪೇಟೆಂಟ್ ಪಡೆದ. ಚಕ್ರಗಳ ಮೇಲೆ ನಿಂತ ಉದ್ದನೆಯ ಪೈಪು ಹೊಲದ ನಡುವಿನ ಒಂದು ಬಿಂದುವನ್ನು ಸುತ್ತುತ್ತಾ ನೀರು ಚಿಮ್ಮಿಸುತ್ತದೆ. ವಿಮಾನದಿಂದ ನೋಡಿದರೆ ಆ ಹೊಲಗಳು ಸಾಲಾಗಿ ಹುಯ್ದ ದೋಸೆಗಳೇ. ಆಮೇಲೆ ಎಲ್ಲರೂ ಎತ್ತಿದರು. ಮಳೆಯಿಂದ ಇಂಗುವುದಕ್ಕಿಂತ ಎಷ್ಟೋ ಜಾಸ್ತಿ ಎತ್ತಿದರು.

ಅಜ್ಜನ ಯಂತ್ರ ಈಗ ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದೆ. ಅವರಪ್ಪ ತೋಡಿಸಿದ ಬಾವಿಯಿಂದ ಮನೆಗೆ, ದನಕ್ಕೆ ಆಗುವಷ್ಟು ನೀರು ಮಾತ್ರ ಬರುತ್ತದಂತೆ. ಮೆಕ್ಕೆಜೋಳ ಬಿಟ್ಟು, ಮಳೆ ನಂಬಿಕೊಂಡು ಗೋಧಿ, ಬಿಳಿಜೋಳದಂಥದ್ದೇ ಒಂದು ಜೋಳ ಹಾಕುತ್ತಾರೆ. ಆ ಜೋಳ ಹೋಗೋದು ದನದ ಹೊಟ್ಟೆಗೆ. ರೊಟ್ಟಿ ಮಾಡ್ತಾರೆ ನಮ್ಮಲ್ಲಿ ಅಂದಾಗ ನನ್ನನ್ನು ಮರುಕದಿಂದ ನೋಡಿದರು.

ನಾನು ನಮ್ಮೂರಿನ ಕಥೆ ಹೇಳಿದೆ. ತೆರೆದ ಬಾವಿಗಳು ಬತ್ತಿದ್ದು, ಬೋರ್‌ವೆಲ್ ಸಾವಿರ ಅಡಿ ದಾಟಿದ್ದು, ಅಲ್ಲೂ ಬರೀ ಧೂಳು ಬಂದಾಗ ನಮ್ಮ ದೊಡ್ಡಪ್ಪ ತೆಂಗಿನಕಾಯಿ ಹಿಡಿದ ನೀರು ನೋಡುವವನನ್ನು ಬಯ್ದದ್ದು. 2018ರಿಂದ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ ಅಂದಾಗ ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಮಗೆ ಹತ್ತಿರ ಅಷ್ಟು ದೊಡ್ಡ ಊರೂ ಇಲ್ಲವಲ್ಲ" ಅಂದರು. ಚರಂಡಿ ನೀರಿಗೆ ಆಸೆಪಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಲಿಯೋಟಿ ಅನ್ನೋ ಊರು ತಲುಪುವ ಹೊತ್ತಿಗೆ ಊಟದ ಹೋಟೆಲ್ ಬಾಗಿಲು ಹಾಕಿತ್ತು. ಗ್ರೀಲಿ ಕೌಂಟಿ ದಾಟಿದರೆ ಸಮಯ ವಲಯ ಬದಲಾಗಿ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಪೆಟ್ರೋಲ್ ಬಂಕ್‌ನಲ್ಲಿ ಬೀನ್ಸ್ ಬುರಿಟೊ ತಿಂದೆ. "ಸಸ್ಯಾಹಾರಕ್ಕೆ ಏನು ಮಾಡಿದ್ರಿ?" ಅನ್ನೋರಿಗೂ ಇಲ್ಲೇ ಉತ್ತರ ಆಯಿತು.

ಆ ರಾತ್ರಿ ಮುಂದಿನ ಒಂದು ಊರಿನ ಪಾರ್ಕ್‌ನಲ್ಲಿ ಡೇರೆ ಹಾಕಿದೆ. ಆ ಕಡೆ ಎಷ್ಟೋ ಊರುಗಳು ಸೈಕಲ್‌ನವರಿಗೆ ಪಾರ್ಕ್‌ನಲ್ಲಿ ಮಲಗಲು ಬಿಡುತ್ತವೆ. ನಡುರಾತ್ರಿ ಟಪಟಪ ಅಂತ ಡೇರೆಗೆ ಬಡಿತ. ನೀವು ಕೇಳುವ ಭಯ ಆಗ ಬಂತು, ಒಪ್ಪಿಕೊಳ್ಳುತ್ತೇನೆ. ಟಾರ್ಚ್ ಹಿಡಿದು ಹೊರಗೆ ಬಂದರೆ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್. ತಾನಾಗೇ ಚಾಲೂ ಆಗುವಂಥದ್ದು. ಯಾರೂ ನಡೆಯದ ಹುಲ್ಲಿಗೆ, ಅದೇ ನೆಲದಡಿಯ ನೀರು, ಕಾಲು ಗಂಟೆ ಸುರಿಯಿತು. ಅಡುಗೆ ಪಾತ್ರೆಯನ್ನು ಅದರ ಬಾಯಿಗೆ ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟು, ಬಯ್ಯುತ್ತಲೇ ಒಳಗೆ ಹೋಗಿ ಮಲಗಿದೆ.