ಒಂದೇ ಪುಸ್ತಕ, ದೇಶಕ್ಕೊಂದು ಹಕ್ಕುಸ್ವಾಮ್ಯ

ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ಅಮೆರಿಕದ ಪ್ರಾಜೆಕ್ಟ್ ಗುಟೆನ್‌ಬರ್ಗ್ 2018ರಲ್ಲಿ ಜರ್ಮನಿಯ ಓದುಗರಿಗೆ ತನ್ನ ಇಡೀ ತಾಣದ ಬಾಗಿಲು ಹಾಕಿತು. ಥಾಮಸ್ ಮಾನ್ ಸೇರಿದಂತೆ ಮೂವರು ಜರ್ಮನ್ ಲೇಖಕರ 18 ಪುಸ್ತಕಗಳ ವಿಷಯದಲ್ಲಿ ಅಲ್ಲಿನ ಪ್ರಕಾಶಕರೊಬ್ಬರು ಹೂಡಿದ್ದ ದಾವೆಯಲ್ಲಿ ಫ್ರಾಂಕ್‌ಫರ್ಟ್ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತ್ತು. ಬಹಳ ಹಿಂದೆಯೇ ಅಚ್ಚಾಗಿದ್ದ ಆ ಪುಸ್ತಕಗಳ ಹಕ್ಕು ಅಮೆರಿಕದಲ್ಲಿ ಮುಗಿದಿತ್ತು. 1955ರಲ್ಲಿ ತೀರಿಕೊಂಡ ಮಾನ್ ಅವರ ಕೃತಿಗಳು, ಲೇಖಕರ ಮರಣಾನಂತರ 60 ವರ್ಷ ಎಂಬ ನಮ್ಮ ಲೆಕ್ಕದಂತೆ, 2016ರ ಆರಂಭದಿಂದಲೇ ಭಾರತದಲ್ಲಿ ಎಲ್ಲರ ಸ್ವತ್ತಾಗಿವೆ. ಜರ್ಮನಿಯಲ್ಲಿ ಮಾತ್ರ 70 ವರ್ಷದ ನಿಯಮದಿಂದಾಗಿ 2025ರ ಕೊನೆಯವರೆಗೂ ಅವುಗಳಿಗೆ ರಕ್ಷಣೆಯಿತ್ತು.

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸುವ ಕೆಲಸದಲ್ಲಿ ಕೈಜೋಡಿಸಿರುವ ನನಗೆ ಇದು ದೂರದ ಸುದ್ದಿಯಲ್ಲ. ಬಿ.ಎಂ.ಶ್ರೀ. ಮತ್ತು ಕೈಲಾಸಂ ಇಬ್ಬರೂ 1946ರಲ್ಲಿ ತೀರಿಕೊಂಡವರು. 2007ರಿಂದ ಅವರ ಕೃತಿಗಳನ್ನು ಇಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ಆ ಕಾಲದ ಲೇಖಕರೊಬ್ಬರ ಪುಸ್ತಕ ಮೊದಲು ಅಚ್ಚಾದದ್ದು 1940ರಲ್ಲಿ ಎಂದಾದರೆ, ಪ್ರಕಟವಾದ ವರ್ಷದಿಂದ 95 ವರ್ಷ ಎಣಿಸುವ ಅಮೆರಿಕದಲ್ಲಿ ಅದರ ಹಕ್ಕು 2035ರ ಕೊನೆಯವರೆಗೆ ಉಳಿಯುತ್ತದೆ. ಹಳೆಯ ಪುಸ್ತಕಗಳನ್ನು ಉಚಿತವಾಗಿ ಓದಲು ಕೊಡುವ ವಿಕಿಸೋರ್ಸ್‌ನಂಥ ತಾಣಗಳ ಸರ್ವರ್‌ಗಳು ಅಲ್ಲಿಯೇ ಇರುವುದರಿಂದ ನಾವು ಆ ಲೆಕ್ಕಕ್ಕೂ ತಲೆಬಾಗಬೇಕು. ಹೀಗಾಗಿ ಪುಸ್ತಕ ಕೈಗೆ ಬಂದ ಕೂಡಲೇ ನಾನು ಹುಡುಕುವುದು ‘ಮೊದಲನೆಯ ಮುದ್ರಣ’ ಎಂಬ ಸಾಲನ್ನು; ಎಷ್ಟೋ ಸಲ ಆ ಹಾಳೆಯೇ ಹರಿದುಹೋಗಿರುತ್ತದೆ, ಇಲ್ಲವೇ ಇಸವಿಯಿದ್ದ ಜಾಗವನ್ನು ಹುಳು ತಿಂದಿರುತ್ತದೆ.

ಅವಧಿಯ ಅಂತರವನ್ನು ಕೂಡಿ ಕಳೆದು ತಿಳಿಯಬಹುದು. ಕಾನೂನು ಜಾರಿಯಾಗುವ ಬಗೆಯಲ್ಲಿರುವ ಅಂತರ ಅದಕ್ಕಿಂತ ದೊಡ್ಡದು. ಜರ್ಮನಿಗೆ ಓದಲು ಹೋದ ನಮ್ಮ ಹುಡುಗರು ಟೊರೆಂಟ್‌ನಲ್ಲಿ ಒಂದು ಸಿನಿಮಾ ಇಳಿಸಿಕೊಂಡರೆ, ನೂರಾರು ಯೂರೋ ಕಟ್ಟಬೇಕೆಂಬ ವಕೀಲರ ಪತ್ರ ಮನೆಗೇ ಬರುವುದುಂಟು. ಅಮೆರಿಕದಲ್ಲಿ ಕೃತಿಯನ್ನು ಸಕಾಲದಲ್ಲಿ ನೋಂದಾಯಿಸಿದವರು, ತಮಗಾದ ನಷ್ಟವನ್ನು ರುಜುವಾತು ಮಾಡದೆಯೇ ಕೃತಿಯೊಂದಕ್ಕೆ 750ರಿಂದ 30,000 ಡಾಲರ್‌ವರೆಗೆ, ಉದ್ದೇಶಪೂರ್ವಕ ಉಲ್ಲಂಘನೆಯಾದರೆ 1,50,000 ಡಾಲರ್‌ವರೆಗೆ ಪರಿಹಾರ ಕೇಳಬಹುದು.

ನಮ್ಮಲ್ಲಿ ಹೀಗೆ ಮೊದಲೇ ಗೊತ್ತುಪಡಿಸಿದ ಪರಿಹಾರವಿಲ್ಲ. ಅದರ ಬದಲು ಪೊಲೀಸರಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 63ನೆಯ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ಎರಡು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕರ್ನಾಟಕವು ಇನ್ನೂ ಮುಂದೆ ಹೋಗಿ, ಗೂಂಡಾ ಕಾಯಿದೆಯೆಂದು ನಾವೆಲ್ಲ ಕರೆಯುವ 1985ರ ಕಾಯಿದೆಗೆ 2014ರಲ್ಲಿ, ಹಕ್ಕುಸ್ವಾಮ್ಯ ಉಲ್ಲಂಘಿಸುವ ‘ಡಿಜಿಟಲ್ ಅಪರಾಧಿ’ಗಳನ್ನೂ ಸೇರಿಸಿತು, ಅದರಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಚಿತ್ರೋದ್ಯಮಕ್ಕೆ ಪೈರಸಿಯಿಂದಾಗುವ ನಷ್ಟ ನಿಜವೇ ಆದರೂ, ನ್ಯಾಯಾಲಯ ಸಾಕ್ಷ್ಯ ತೂಗಿ ನೋಡಬೇಕಾದ ಹಕ್ಕಿನ ವ್ಯಾಜ್ಯಕ್ಕೆ ಮುನ್ನೆಚ್ಚರಿಕೆಯ ಬಂಧನವನ್ನು ಬಳಸುವುದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಇದೇ 1957ರ ಕಾಯಿದೆಯಲ್ಲಿ ನನಗೆ ಹೆಮ್ಮೆ ತರುವ ಭಾಗವೂ ಇದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಜೆರಾಕ್ಸ್ ಅಂಗಡಿಯೊಂದು ಪಠ್ಯಕ್ಕೆ ಬೇಕಾದ ಅಧ್ಯಾಯಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಮಾರುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ಪ್ರಕಾಶಕರು 2012ರಲ್ಲಿ ಆ ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿದರು. ಬೋಧನೆಗಾಗಿ ಪ್ರತಿ ಮಾಡಲು 52ನೆಯ ಕಲಮು ಅವಕಾಶ ಕೊಡುತ್ತದೆಂದೂ, ಹಕ್ಕುಸ್ವಾಮ್ಯವೇನೂ ಲೇಖಕರಿಗೆ ದೈವದತ್ತವಾಗಿ ಬಂದ ಹಕ್ಕಲ್ಲವೆಂದೂ 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಮೇಲ್ಮನವಿಯಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠವು ಆ ಪ್ರತಿಗಳು ಪಾಠಕ್ಕೆ ನಿಜವಾಗಿ ಬೇಕಾಗಿದ್ದವೇ ಎಂಬಂಥ ಪ್ರಶ್ನೆಗಳನ್ನು ವಿಚಾರಣೆಗೆ ಹಿಂದಕ್ಕೆ ಕಳಿಸಿ, ಮೂಲ ತತ್ತ್ವವನ್ನು ಒಪ್ಪಿಕೊಂಡಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಪುಸ್ತಕದ ಬೆಲೆ ಕೈಗೆಟುಕದ ನಮ್ಮ ತಾಲ್ಲೂಕು ಕಾಲೇಜುಗಳ ವಿದ್ಯಾರ್ಥಿಗಳಿಗೂ ಇದೇ ಅವಕಾಶವಿದೆ. ಆದರೆ ನಾನು ಮಾತಾಡಿಸಿದ ಅಧ್ಯಾಪಕರಲ್ಲಿ ಹೆಚ್ಚಿನವರಿಗೆ ಇಂಥ ತೀರ್ಪೊಂದು ಬಂದಿರುವುದೇ ತಿಳಿದಿರಲಿಲ್ಲ.