ಝೆಡ್‌ನಿಂದ ವಾಪಸ್ ಬರೋದು ಹೇಗೆ ಅಂತ ಕೇಳುವವರಿಗೆ

ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಯಿಂದ ನನಗೆ ಬಿಡುಗಡೆಯಿಲ್ಲ: "ಮಾರ್ಕ್ಸ್‌ನ ಝೆಡ್ ಸ್ಕೋರ್ ಮಾಡೋದು ಗೊತ್ತಾಯ್ತು ಸಾರ್. ಝೆಡ್‌ನಿಂದ ಮಾರ್ಕ್ಸ್‌ಗೆ ವಾಪಸ್ ಬರೋಕೆ ಬೇರೆ ಸೂತ್ರ ಇದೆಯಲ್ಲ, ಅದು ಯಾವುದು?"

ಬೇರೆ ಸೂತ್ರ ಇಲ್ಲ. ಇರೋದು ಒಂದೇ.

ಝೆಡ್ ಮಾಡುವಾಗ ನಿಮ್ಮ ಅಂಕದಿಂದ ಮೊದಲು ಸರಾಸರಿಯನ್ನು ಕಳೆಯುತ್ತೀರಿ. ಉಳಿದದ್ದನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ, ಅಂದರೆ ಎಸ್‌ಡಿಯಿಂದ, ಭಾಗಿಸುತ್ತೀರಿ. ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವುದರ ಅಳತೆ ಎಸ್‌ಡಿ; ಸರಾಸರಿಯಿಂದ ಎಷ್ಟು ಎಸ್‌ಡಿ ದೂರ ಇದ್ದೀರಿ ಅನ್ನುವುದೇ ಝೆಡ್. ಸರಾಸರಿ 60, ಎಸ್‌ಡಿ 8 ಇರುವ ಪರೀಕ್ಷೆಯಲ್ಲಿ ನಿಮಗೆ 76 ಬಂದಿದೆ ಅನ್ನಿ. ಸರಾಸರಿಗಿಂತ 16 ಜಾಸ್ತಿ, ಅಂದರೆ ಎರಡು ಎಸ್‌ಡಿ ಮೇಲೆ. ಝೆಡ್ 2. ವಾಪಸ್ ಬರಬೇಕಾದರೆ ಕೊನೆಗೆ ಮಾಡಿದ್ದನ್ನು ಮೊದಲು ಬಿಚ್ಚಿ. 2ನ್ನು 8ರಿಂದ ಗುಣಿಸಿದರೆ 16, ಅದಕ್ಕೆ 60 ಕೂಡಿದರೆ 76. ಮುಗೀತು.

ಮುಗಿಯೋದಿಲ್ಲ. "ಯಾವಾಗ ಕೂಡಬೇಕು, ಯಾವಾಗ ಕಳೀಬೇಕು ಸಾರ್?" ಅಂತ ಬರುತ್ತದೆ. ಯಾವಾಗಲೂ ಕೂಡಬೇಕು. ಝೆಡ್ ಮೈನಸ್ ಇದ್ದರೆ ಉತ್ತರ ತಾನಾಗೇ ಕೆಳಗಿಳಿಯುತ್ತದೆ. ನೀವು ಮಧ್ಯೆ ಕೈ ಹಾಕಬೇಡಿ.

ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ಒಬ್ಬ ಹುಡುಗ ಫೋನಿಗೆ ಫೋಟೋ ಕಳಿಸಿದ. ಲೆಕ್ಕ ಇಷ್ಟೇ: ಸರಾಸರಿ 60, ಎಸ್‌ಡಿ 8, ತೀರಾ ಕೆಳಗಿರುವ ಶೇ. 10ರಷ್ಟು ಮಂದಿಯ ಗೆರೆ ಎಷ್ಟು ಅಂಕದಲ್ಲಿದೆ? ಅವನ ಉತ್ತರ 70.24. ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ. ಫೋನ್ ಮಾಡಿ ಕೇಳಿದೆ, "ಸರಾಸರಿನೇ 60 ಕಣೋ. ಎಲ್ಲರಿಗಿಂತ ಹಿಂದಿರೋರು ಸರಾಸರಿಗಿಂತ ಹತ್ತು ಮಾರ್ಕ್ಸ್ ಮೇಲಿನವರೆಗೂ ಹರಡ್ಕೊಂಡಿದ್ದಾರಾ? ಇದು ನೋಡಿ ನಿಂಗೇನೂ ಅನ್ನಿಸಲಿಲ್ವಾ?" ಅವನು ತಣ್ಣಗೆ ಹೇಳಿದ, "ಸೂತ್ರ ಹಾಕ್ದೆ ಸಾರ್, ಬಂತು."

ಅಂಕಗಳು ನಾರ್ಮಲ್ ಕರ್ವ್‌ನಂತೆ, ಅಂದರೆ ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಗಂಟೆಯ ಆಕಾರದಲ್ಲಿ, ಹರಡಿದ್ದರೆ ಯಾವ ಝೆಡ್‌ಗೆ ಎಷ್ಟು ಪಾಲು ಮಂದಿ ಅಂತ ಝೆಡ್ ಟೇಬಲ್ ಹೇಳುತ್ತದೆ. ಆಗಿದ್ದು ಇಷ್ಟು. ಅವನ ಹತ್ತಿರ ಇದ್ದ ಟೇಬಲ್ಲಿನಲ್ಲಿ ಪ್ಲಸ್ ಝೆಡ್‌ಗಳು ಮಾತ್ರ ಇದ್ದವು. ಕರ್ವ್ ಎರಡೂ ಕಡೆ ಒಂದೇ ಥರ ಇರುವುದರಿಂದ ಎಷ್ಟೋ ಟೇಬಲ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಇವನು 0.90ರ ಎದುರಿಗಿದ್ದ, ಅಂದರೆ ಮೇಲಿನ ಶೇ. 10ರ ಗೆರೆಯಾದ, 1.28 ತೆಗೆದುಕೊಂಡು ಹಾಗೇ ಹಾಕಿದ್ದಾನೆ. ಕೆಳಗಿನ ಶೇ. 10 ಅಂದರೆ −1.28. 60ಕ್ಕೆ −10.24 ಕೂಡಿ, 49.76. ಟೇಬಲ್‌ಗಳೂ ಎಲ್ಲಾ ಒಂದೇ ರೀತಿ ಇರುವುದಿಲ್ಲ. ತೆರೆದ ತಕ್ಷಣ ಝೆಡ್ 0 ಎದುರು ಏನಿದೆ ನೋಡಿ. 0.5ರಿಂದ ಏರುತ್ತಾ ಹೋದರೆ ಎಡತುದಿಯಿಂದ ಅಳೆದದ್ದು. 0ಯಿಂದ ಶುರುವಾದರೆ ನಡುವಿನಿಂದ ಅಳೆದದ್ದು; ಅಲ್ಲಿ 1.28 ಸಿಗುವುದು 0.40ರ ಹತ್ತಿರ.

ಅವತ್ತು ನಾನು ರೇಗಿದೆ, ನಿಜ. ಅನ್ನ ಆರುತ್ತಿತ್ತು.

ಇವರೆಲ್ಲ ಒಂದು ಸಲವಾದರೂ ಬೇರೆ ಪ್ರಶ್ನೆ ಕೇಳಬಾರದಾ ಅನ್ನಿಸುತ್ತದೆ. "ಇಲ್ಲಿ ಝೆಡ್ ಟೇಬಲ್ ನೋಡಬಹುದಾ ಸಾರ್?" ಅಂತ. ಝೆಡ್ ಮಾಡಿದ ಕೂಡಲೇ ಯಾವ ಡೇಟಾ ಆದರೂ ನಾರ್ಮಲ್ ಆಗಿಬಿಡುತ್ತದೆ ಅಂತ ಸುಮಾರು ಜನ ನಂಬಿದ್ದಾರೆ. ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್ ಮಾಡಿದರೆ ಜ್ವರ ಇಳಿಯುತ್ತಾ? ಒಂದು ಬದಿಗೆ ವಾಲಿದ ಡೇಟಾ ಝೆಡ್ ಮಾಡಿದ ಮೇಲೂ ಅಷ್ಟೇ ವಾಲಿರುತ್ತದೆ.

ಯಾವಾಗಂದರೆ ಆವಾಗ ಬರುವ ಫೋನ್ ಕರೆಗಳನ್ನೇ ತೆಗೆದುಕೊಳ್ಳಿ. ಮುಂದಿನ ಕರೆಗೆ ಸರಾಸರಿ 10 ನಿಮಿಷ ಕಾಯಬೇಕು. ಇಂಥ ಕಾಯುವ ಸಮಯಕ್ಕೆ ಎಕ್ಸ್‌ಪೊನೆನ್ಷಿಯಲ್ ಡಿಸ್ಟ್ರಿಬ್ಯೂಷನ್ ಬಳಸುತ್ತಾರೆ; ಸ್ವಲ್ಪ ಕಾಯುವುದು ಹೆಚ್ಚು, ತುಂಬಾ ಕಾಯುವುದು ಅಪರೂಪ ಅನ್ನುವ, ಒಂದು ಬದಿಗೆ ವಾಲಿದ ಹರಡಿಕೆ ಅದು. ಅದರಲ್ಲಿ ಎಸ್‌ಡಿಯೂ ಸರಾಸರಿಯಷ್ಟೇ, ಅಂದರೆ 10. ಈಗ ಅತಿ ಕಡಿಮೆ ಕಾಯುವ ಶೇ. 5ರ ಗೆರೆ ಹುಡುಕಿ. ಟೇಬಲ್ −1.645 ಅನ್ನುತ್ತದೆ. ವಾಪಸ್ ಬಂದರೆ −6.45 ನಿಮಿಷ. ನೀವು ಕಾಯೋಕೆ ಶುರು ಮಾಡುವ ಆರೂವರೆ ನಿಮಿಷ ಮೊದಲೇ ಫೋನ್ ಹೊಡೆದುಕೊಂಡಿತು! ಸರಿಯಾದ ಉತ್ತರ ಸುಮಾರು ಅರ್ಧ ನಿಮಿಷ. ಇಲ್ಲಿ ಝೆಡ್ −1ಕ್ಕಿಂತ ಕೆಳಗೆ ಹೋಗೋಕೇ ಆಗುವುದಿಲ್ಲ, ಯಾಕಂದರೆ ಸೊನ್ನೆಗಿಂತ ಕಡಿಮೆ ಯಾರೂ ಕಾಯಲ್ಲ. ನಾರ್ಮಲ್ ಟೇಬಲ್ ಮಾತ್ರ ಅಲ್ಲಿ ಶೇ. 15.87ರಷ್ಟು ಇದೆ ಅಂತ ಹೇಳುತ್ತಲೇ ಇರುತ್ತದೆ. ಕೂಡೋದು, ಗುಣಿಸೋದು ಎಲ್ಲಾ ಸರಿಯಾಗೇ ಮಾಡಿ ಇಲ್ಲಿಗೆ ಬಂದಿದ್ದೀರಿ, ಗಮನಿಸಿ.

ಇನ್ನೊಂದು ಪ್ರಶ್ನೆಗೂ ಕಾಯುತ್ತಿದ್ದೇನೆ: ಯಾರ ಸರಾಸರಿ? ಮೂಳೆ ಸಾಂದ್ರತೆಯ ರಿಪೋರ್ಟ್ ನೋಡಿ. ಒಂದೇ ಮೂಳೆ, ಒಂದೇ ಅಳತೆ, ಆದರೆ ಅಂಕಿ ಎರಡು. ಟಿ ಸ್ಕೋರ್ ಅನ್ನುವುದು ಆರೋಗ್ಯವಂತ ಯುವಜನರ ಸರಾಸರಿಯಿಂದ ಎಷ್ಟು ಎಸ್‌ಡಿ ದೂರ ಅಂತ. ಝೆಡ್ ಸ್ಕೋರ್ ಅನ್ನುವುದು ಅದೇ ವಯಸ್ಸಿನವರ ಸರಾಸರಿಯಿಂದ. ಲೆಕ್ಕದ ರೀತಿ ಎರಡಕ್ಕೂ ಒಂದೇ, ಕಳೆಯುವ ಸರಾಸರಿ ಬೇರೆ. ಹಾಗಾಗಿ ವಯಸ್ಸಾದ ಹೆಂಗಸರೊಬ್ಬರಿಗೆ ಟಿ −2.6, ಝೆಡ್ −0.5 ಎರಡೂ ಒಟ್ಟಿಗೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಆಸ್ಟಿಯೋಪೊರೋಸಿಸ್‌ಗೆ (ಮೂಳೆ ಸವೆತದ ಕಾಯಿಲೆಗೆ) ಹಾಕಿದ −2.5ರ ಗೆರೆ ಟಿ ಸ್ಕೋರಿನದು. ಝೆಡ್ ಕಾಲಂ ತೋರಿಸಿ "ಏನೂ ತೊಂದರೆ ಇಲ್ಲ ಅಲ್ವಾ?" ಅಂದರೆ ಏನು ಹೇಳೋದು? ಆ −0.5ರ ಅರ್ಥ, ಅವರ ಓರಗೆಯವರ ಮೂಳೆಯೂ ಹೆಚ್ಚುಕಡಿಮೆ ಅಷ್ಟೇ ಸವೆದಿದೆ ಅಂತ.